ಆರ್ಗಾನ್ ಪ್ಲಾಸ್ಮಾ ಜೆಟ್ಟು, ದಾಳಿಂಬಿ ಅಂಗಮಾರಿ ದುಂಡಾಣು: ಮುಂಜಾನಿ ಒಂದ್ ರಿಸಲ್ಟು, ಮಧ್ಯಾಹ್ನ ಒಂದ್ ರಿಸಲ್ಟು, ಯಾಕಂತೀರಿ?

ಅಗಾರ್ ಪ್ಲೇಟ್, ಬಾಗಲಕೋಟಿ

ಎಲ್ಲಾರಿಗೂ ನಮಸ್ಕಾರ್ರೀ. ಎಂಎಸ್ಸಿ ಮೈಕ್ರೋಬಯಾಲಜಿ ಕಡೀ ಸೆಮ್ ಪ್ರಾಜೆಕ್ಟ್ ಮಾಡಾಕತ್ತೇನಿ, ಎರಡ ವಾರ ಆತು ಒಂದ ಕಡೆ ಸಿಕ್ಕೊಂಡ ಕುಂತೇನಿ, ಯಾರಿಗರ ಗೊತ್ತಿದ್ರ ಹೇಳ್ರಿ.

ನಮ್ಮ ಕಡೆ ದಾಳಿಂಬಿ ಹಚ್ಚಿದವ್ರಿಗೆ ಅಂಗಮಾರಿ ಅಂದ್ರ ಏನಂತ ಬಿಡಿಸಿ ಹೇಳೋದ ಬ್ಯಾಡ. ನಮ್ಮ ಸ್ವಾದರಮಾವನ ತ್ವಾಟದಾಗ ಕಾಯಿ ಮ್ಯಾಲ ಎಣ್ಣಿ ಬಿದ್ದಂಗ ಚುಕ್ಕಿ ಆಗಿ, ಕಪ್ಪಾಗಿ, ಆಮ್ಯಾಲ ಕಾಯಿನ ಸೀಳಿ ಹ್ವಾದ್ವು, ಕಡೀಗೆ ಗಿಡ ಕಿತ್ತ ಒಗದ್ರು. ಅದಕ್ಕ ನಾ ಈ ವಿಷಯ ತಗೊಂಡೇನಿ. ರೋಗದ ಕಾಯಿಂದ ಜಾಂತೊಮೊನಾಸ್ ದುಂಡಾಣು ಬ್ಯಾರೆ ಮಾಡಿಟ್ಟೇವಿ, ಅಗಾರ್ ಪ್ಲೇಟ್ (ದುಂಡಾಣು ಬೆಳಸೋ ಜೆಲ್ಲಿ ತುಂಬಿದ ತಟ್ಟಿ) ಮ್ಯಾಲ ಹಳದಿ ಹಳದಿ, ಲೋಳಿ ಲೋಳಿ ಬೆಳೀತೈತಿ. ನಮ್ಮ ಫಿಜಿಕ್ಸ್ ಡಿಪಾರ್ಟ್‌ಮೆಂಟಿನವ್ರ ಒಂದ ಕೋಲ್ಡ್ ಪ್ಲಾಸ್ಮಾ ಜೆಟ್ ಮಾಡ್ಯಾರ. ಕ್ವಾರ್ಟ್ಜ್ ಕೊಳವಿ, ಒಳಗ ಸೂಜಿ ಎಲೆಕ್ಟ್ರೋಡ್, ಹೊರಗ ತಾಮ್ರದ ಪಟ್ಟಿ, ನಿಮಿಷಕ್ಕ 4 ಲೀಟರ್ ಆರ್ಗಾನ್, 20 ಕಿಲೋಹರ್ಟ್ಜ್ ಸಪ್ಲೈ. ತುದಿಗೆ ಬೆಂಕಿಕಡ್ಡಿಯಷ್ಟ ತೆಳ್ಳಗ, ನೇರಳಿ ಬಣ್ಣದ ಒಂದ ಸಣ್ಣ ನಾಲಿಗಿ ಬರ್ತೈತಿ, ಬೆರಳ ಹಿಡದ್ರ ಸುಡಂಗಿಲ್ಲ.

ದುಂಡಾಣು ಹಚ್ಚಿದ ಪ್ಲೇಟನ್ನ 10 ಮಿಲಿಮೀಟರ್ ದೂರ ಇಟ್ಟು 60 ಸೆಕೆಂಡ್ ಹಿಡೀತೇನಿ, ಎರಡ ದಿನ ಇನ್‌ಕ್ಯುಬೇಟರ್‌ನ್ಯಾಗ ಇಟ್ಟ ನೋಡ್ತೇನಿ. ಮುಂಜಾನಿ ಮೊದಲ್ನೇ ಪ್ಲೇಟಿನ್ಯಾಗ 22 ಮಿಲಿಮೀಟರ್ ಅಗಲ ದುಂಡಗ ಖಾಲಿ ಜಾಗ, ಏನೂ ಬೆಳದಿಲ್ಲ. ನಾ ಭಾಳ ಖುಷಿ ಆಗಿದ್ದೆ. ಆದ್ರ ಅದ ದಿನ, ಅದ ಕಲ್ಚರ್, ಅದ ಟೈಮು, ಊಟ ಆದಮ್ಯಾಲ ಮಾಡಿದ ಆರನೇ ಪ್ಲೇಟಿನ್ಯಾಗ 13 ಮಿಲಿಮೀಟರ್. ಮೂರ ದಿನ ಮಾಡೇನಿ, ಮೂರೂ ದಿನ ಹಿಂಗ ಇಳಕೋಂತ ಬರ್ತೈತಿ. ಸಪ್ಲೈ ಬಿಸಿ ಆಗಿ ಪವರ್ ಕಡಿಮಿ ಆಗ್ತೈತೇನ್ರಿ? ಮತ್ತ ನಾಲಿಗಿ ಅಷ್ಟ ತೆಳ್ಳಗಿದ್ದಾಗ ಖಾಲಿ ಜಾಗ ಅಷ್ಟ ದೊಡ್ಡದ್ಯಾಕ?

ಕಾಲೇಜ್ ರೋಡ್, ಬೆಳಗಾವಿ

ಅಕ್ಕಾರ, ಪ್ಲಾಸ್ಮಾ ಅಂದ್ರ ಕರೋನಾ ಟೈಮಿನ್ಯಾಗ ದಾನ ಮಾಡ್ತಿದ್ರಲ್ಲ, ರಕ್ತದ್ದು, ಅದನ ಏನ್ರಿ? ಅದರಾಗಿಂದ ಬೆಳಕ ಹೆಂಗ ಬರ್ತೈತಿ?

ಗ್ಲೋ ಡಿಸ್ಚಾರ್ಜ್, ಬೆಳಗಾವಿ

ಅದ ಬ್ಯಾರೆ ತಮ್ಮಾ. ಇದು ಅನಿಲಕ್ಕ ಕರೆಂಟ್ ಕೊಟ್ಟಾಗ ಅಣುವಿಂದ ಇಲೆಕ್ಟ್ರಾನ್ ಕಿತ್ಕೊಂಡ ಬಂದು ಆಗೋ ಸ್ಥಿತಿ, ಘನ ದ್ರವ ಅನಿಲ ಆದಮ್ಯಾಲ ನಾಕನೇದು. ಮಿಂಚು, ಟ್ಯೂಬ್‌ಲೈಟಿನ ಒಳಗಿಂದು, ಸೂರ್ಯ, ಎಲ್ಲಾ ಪ್ಲಾಸ್ಮಾನ. ಹೆಸರ ಇಟ್ಟಾಂವ ಅರ್ವಿಂಗ್ ಲ್ಯಾಂಗ್‌ಮ್ಯೂರ್, 1928ರಾಗ. ರಕ್ತದ ಪ್ಲಾಸ್ಮಾಕ್ಕ ಹೆಸರಷ್ಟ ಒಂದ.

ಈಗ ತಂಗೀ ನಿನ್ನ ಪ್ರಶ್ನಿಗೆ ಬರೂಣು. ನಾ ಇದ ಕೆಲಸದಾಗ ಕೆಲವು ವರ್ಷ ಇದ್ದಾಂವ, ನಿನ್ನ ಪೋಸ್ಟ್ ನೋಡಿ ನನಗ ನನ್ನ ಮೊದಲ್ನೇ ವರ್ಷ ನೆನಪಾತು.

ಮೊದಲ ಇದು ಯಾಕ ಸುಡಂಗಿಲ್ಲ ಅನ್ನೋದು. ಆ ನಾಲಿಗಿ ಒಳಗ ಇಲೆಕ್ಟ್ರಾನ್ ಮಾತ್ರ ಬಿಸಿ, ಒಂದ ಇಲೆಕ್ಟ್ರಾನ್‌ವೋಲ್ಟ್ (ಶಕ್ತಿ ಅಳಿಯೋ ಮಾನ) ಅಂದ್ರ 11,600 ಕೆಲ್ವಿನ್, ಇಲ್ಲಿ ಇಲೆಕ್ಟ್ರಾನ್‌ಗೋಳ ಅಂಥಾ ಶಕ್ತಿಯಿಂದ ಓಡ್ತಾವ. ಆದ್ರ ಆರ್ಗಾನ್ ಅಣು ಇಲೆಕ್ಟ್ರಾನ್‌ಕಿಂತ ಸುಮಾರು 73,000 ಪಟ್ಟು ಭಾರ. ಸಾಸಿವಿಕಾಳು ತೂರಿ ಬೀಸೋ ಕಲ್ಲ ಸರಸಾಕ ಹ್ವಾದಂಗ, ಬಡೀತಾವ ಖರೆ, ಕಲ್ಲ ಅಲುಗೂದಿಲ್ಲ. ಹಂಗಾಗಿ ಅನಿಲ ಹೆಚ್ಚೂಕಡಿಮಿ ನಮ್ಮ ಕೋಣಿ ಗಾಳಿಯಷ್ಟ ತಣ್ಣಗ ಉಳೀತೈತಿ, ಆದ್ರ ರಸಾಯನ ಕ್ರಿಯೆ ಮಾತ್ರ ಭರ್ತಿ ನಡೀತೈತಿ. ಈ ವಿಷಯದ ತಿರುಳ ಇದ ನೋಡು. ನಿನ್ನ ದುಂಡಾಣು ಸಾಯೋದು ಕಾವಿನಿಂದ ಅಲ್ಲ, ಆ ರಸಾಯನದಿಂದ.

ನಾಲಿಗಿ ಹೊರಗ ಬಂದ ಕೂಡ್ಲೇ ಸುತ್ತಲಿನ ಗಾಳಿ ಜೋಡಿ ಬೆರೀತೈತಿ, ಆಕ್ಸಿಜನ್ನು, ನೈಟ್ರೋಜನ್ನು, ನೀರಿನ ಆವಿ. ಅವು ಒಡದು ಪರಮಾಣು ಆಕ್ಸಿಜನ್ನು, ಓಝೋನು, ಹೈಡ್ರಾಕ್ಸಿಲ್ ರ‍್ಯಾಡಿಕಲ್ಲು, ನೈಟ್ರಿಕ್ ಆಕ್ಸೈಡು, ಹೈಡ್ರೋಜನ್ ಪೆರಾಕ್ಸೈಡು, ಹಿಂಗ ಒಂದ ಸಂತೀನ ಆಗ್ತೈತಿ. ಅನಿಲ ಪ್ಲೇಟಿಗೆ ಬಡದು ಎಲ್ಲಾ ದಿಕ್ಕಿಗೂ ನೆಲ ಹಿಡದು ಹರೀತೈತಿ, ನಲ್ಲಿ ನೀರು ಬಚ್ಚಲ ಕಲ್ಲಿನ ಮ್ಯಾಲ ಬಿದ್ದ ಹರದಂಗ. ಆ ಹರಿವಿನ ಜೋಡಿ ಇವೂ ಹರೀತಾವ. ಅದಕ್ಕ ನಾಲಿಗಿ ಎರಡ ಮಿಲಿಮೀಟರ್ ಇದ್ರೂ ಖಾಲಿ ಜಾಗ 20 ಆಗಬಹುದು. ಅದು ಬೆಳಕು ಮುಟ್ಟಿದ ಜಾಗ ಅಲ್ಲ, ಅನಿಲ ಮುಟ್ಟಿದ ಜಾಗ.

ಈಗ ನನಗ ನೀ ಉತ್ತರ ಕೊಡು. ಸಿಲಿಂಡರಿಂದ ಜೆಟ್‌ತನ ಕೊಳವಿ ಯಾವದು, ಎಷ್ಟ ಉದ್ದ? ಪ್ಲೇಟಿನ ಕೆಳಗ ಏನೈತಿ, ಸ್ಟೀಲ್ ಟೇಬಲ್ಲೋ ಕಟ್ಟಿಗೀದೋ? ಲ್ಯಾಮಿನಾರ್ ಹುಡ್ (ಸೋಸಿದ ಗಾಳಿ ಬೀಸೋ ಪೆಟಗಿ) ಒಳಗ ಮಾಡ್ತೀಯೇನು, ಬ್ಲೋವರ್ ಚಾಲೂ ಇರ್ತೈತೇನು? ಪ್ಲೇಟಿಗೆ ಮುಚ್ಚಳ ಯಾವಾಗ ಹಾಕ್ತಿ? ಕರೆಂಟ್ ಕೊಡದ ಬರೇ ಆರ್ಗಾನ್ ಬಿಟ್ಟ ಒಂದ ಪ್ಲೇಟ್ ಮಾಡೀಯೇನು?

ಅಗಾರ್ ಪ್ಲೇಟ್, ಬಾಗಲಕೋಟಿ

ಅಣ್ಣಾರ ಇಷ್ಟ ಬಿಡಿಸಿ ನನಗ ಯಾರೂ ಹೇಳಿದ್ದಿಲ್ರಿ. ಕೊಳವಿ ಸಿಲಿಕೋನಿಂದು, ಸುಮಾರು ಮೂರ ಮೀಟರ್. ಹುಡ್ ಒಳಗ ಮಾಡ್ತೇನಿ, ಸ್ಟೀಲ್ ಬೆಡ್, ಬ್ಲೋವರ್ ಕೆಲವೊಮ್ಮೆ ಚಾಲೂ, ಸದ್ದ ಭಾಳ ಆದ್ರ ಬಂದ್ ಮಾಡ್ತೇನಿ. ಮುಚ್ಚಳ ಕೂಡ್ಲೇ ಹಾಕ್ತೇನಿ. ಬರೇ ಆರ್ಗಾನ್ ಪ್ಲೇಟ್ ಮಾಡಿಲ್ರಿ, ಏನೂ ಮಾಡದ ಇಟ್ಟ ಪ್ಲೇಟ್ ಅಷ್ಟ ಕಂಟ್ರೋಲ್ ಐತಿ.

ಗ್ಲೋ ಡಿಸ್ಚಾರ್ಜ್, ಬೆಳಗಾವಿ

ಬರೇ ಆರ್ಗಾನ್ ಪ್ಲೇಟ್ ಇಲ್ಲದ ಏನೂ ಹೇಳಾಕ ಬರಂಗಿಲ್ಲ ತಂಗೀ, ಇದನ್ನ ನಾ ಒತ್ತಿ ಹೇಳ್ತೇನಿ. ನಿಮಿಷಕ್ಕ 4 ಲೀಟರ್ ಒಣ ಅನಿಲ 10 ಮಿಲಿಮೀಟರ್ ದೂರದಿಂದ ಬಡದ್ರ ಅಗಾರ್ ಒಣಗ್ತೈತಿ, ನಡುವ ತಗ್ಗು ಬೀಳ್ತೈತಿ, ಅಷ್ಟಕ್ಕ ಕೆಲವು ದುಂಡಾಣು ಬೆಳಿಯಂಗಿಲ್ಲ. ಆ ತಗ್ಗನ್ನ ಪ್ಲಾಸ್ಮಾದ ಲೆಕ್ಕಕ್ಕ ಹಾಕಿದ್ರ ಇಡೀ ಪ್ರಾಜೆಕ್ಟ್ ನೀರಾಗ ಹಾಕಿದಂಗ.

ಸ್ಟೀಲ್ ಬೆಡ್ಡೂ ಹಂಗ. ಅದು ಅರ್ತ್ ಆಗಿದ್ರ ನಾಲಿಗಿ ಅದರ ಕಡೆ ಜಗ್ಗತೈತಿ, ಕರೆಂಟ್ ಹೆಚ್ಚ ಹರೀತೈತಿ, ಉದ್ದ ಆಗ್ತೈತಿ. ಥರ್ಮೊಕೋಲ್ ಮ್ಯಾಲ ಇಟ್ಟ ನೋಡು, ಅದ ಜೆಟ್ಟು ಬ್ಯಾರೇನ ಆಗಿ ಕಾಣ್ತೈತಿ. ಬ್ಲೋವರ್ ಗಾಳಿ ಓಝೋನ್ ಹೊತ್ಕೊಂಡ ಹೊಕ್ಕೈತಿ. ಮುಚ್ಚಳ ಕೂಡ್ಲೇ ಹಾಕಿದ್ರ ಓಝೋನ್ ಒಳಗ ಉಳದು ಆಮ್ಯಾಲೂ ಕೆಲಸ ಮಾಡ್ತೈತಿ. ಇವನ್ನೆಲ್ಲಾ ಒಂದ ಥರ ಇಡು, ಯಾವ ಥರ ಅನ್ನೋದನ್ನ ಬರದಿಡು.

ಆದ್ರ ನಿನ್ನ ಮುಂಜಾನಿ ಮಧ್ಯಾಹ್ನದ ಇಳಕಿ ಮೂರೂ ದಿನ ಒಂದ ದಿಕ್ಕಿಗೆ ಐತಿ, ಬ್ಲೋವರ್ ಚಾಲೂ ಬಂದ್‌ನಿಂದ ಹಂಗ ಸಾಲಾಗಿ ಇಳಿಯಂಗಿಲ್ಲ. ನನ್ನ ಸಂಶೆ ಆ ಸಿಲಿಕೋನ್ ಕೊಳವಿ ಮ್ಯಾಲ.

ಸೊಲ್ಲಾಪುರ ರಸ್ತೆ, ವಿಜಯಪುರ

ನಾನು ಪದವಿ ಕಾಲೇಜಿನ್ಯಾಗ ಫಿಜಿಕ್ಸ್ ಹೇಳ್ತೀನಿ. ಸಪ್ಲೈ ಬಿಸಿ ಆಗ್ತದೇನು ಅಂತ ಕೇಳೀರಲ್ಲ, ಊಹಾ ಯಾಕ ಮಾಡ್ಬೇಕು, ಅಳದ ನೋಡಿದ್ರ ಮುಗೀತು. ಹೈ ವೋಲ್ಟೇಜ್ ಪ್ರೋಬ್ ಮತ್ತ ಕರೆಂಟ್ ಕಾಯಿಲ್ ಎರಡೂ ಹಾಕಿ ಮುಂಜಾನಿ ಒಮ್ಮೆ ಮಧ್ಯಾಹ್ನ ಒಮ್ಮೆ ಆಸಿಲೋಸ್ಕೋಪಿನ (ವೋಲ್ಟೇಜು ಕರೆಂಟಿನ ಅಲಿ ತೋರಿಸೋ ಯಂತ್ರ) ಫೋಟೋ ತಗೀರಿ. ಇನ್ನೊಂದು, ದುಂಡಾಣು ಹಚ್ಚಿದ ಪ್ಲೇಟು ಆರನೇದರ ತನಕ ಕಾಯ್ಕೋತ ಕೂಡ್ತದ, ಆ ಹೊತ್ತಿನ್ಯಾಗ ಅವು ಬೆಳದು ಲೋಳಿ ಹೆಚ್ಚಾಗಿರಬಹುದು. ಜಾಂತೊಮೊನಾಸ್ ಲೋಳಿ ಅಂದ್ರ ಸಣ್ಣ ಮಾತಲ್ಲ, ಅಂಗಡಿ ಸಾಸ್ ಗಟ್ಟಿ ಮಾಡ್ಲಿಕ್ಕೆ ಹಾಕೋ ಜಾಂಥನ್ ಗಮ್ ಇದ ಕುಲದ್ದು. ಹಂಗಾಗಿ ಒಂದ ದಿನ ಎಲ್ಲಾ ಪ್ಲೇಟಿಗೂ ಮೊದಲ ಹಚ್ಚಿಡಬ್ಯಾಡ್ರಿ, ಪ್ರತಿ ಪ್ಲೇಟಿಗೂ ಜೆಟ್ ಹಿಡಿಯೋ ಮುಂದಷ್ಟ ದುಂಡಾಣು ಹಚ್ಚರಿ. ಅವಾಗೂ ಮುಂಜಾನಿದು ದೊಡ್ಡದ ಬಂದ್ರ ದುಂಡಾಣುವಿಂದಲ್ಲ ಅಂತ ಪಕ್ಕಾ ಆಗ್ತದ.

ಮತ್ತ ಹುಡುಗ್ರಿಗೆ ಹೇಳೂದು: ಇದು ಕೆಲವು ಸಾವಿರ ವೋಲ್ಟ್. ನಾಲಿಗಿ ಸುಡೂದಿಲ್ಲ ಅಂತ ತಾಮ್ರದ ಪಟ್ಟಿ ಮುಟ್ಟಬ್ಯಾಡ್ರಿ. ಕಿಟಕಿ ತಗದಿಡ್ರಿ, ಓಝೋನ್ ವಾಸನಿ ಬಂತಂದ್ರ ಅದು ಆಗಲೇ ಪುಪ್ಪುಸಕ್ಕ ಹೊಂಟದ ಅಂತ ತಿಳೀರಿ. ಆರ್ಗಾನಿಗೆ ವಾಸನಿನೂ ಇಲ್ಲ, ಗಾಳಿಕಿಂತ ಭಾರ, ಬಂದ್ ಕೋಣಿಯೊಳಗ ಸೋರಿದ್ರ ಉಸಿರಿಗೆ ಆಕ್ಸಿಜನ್ನ ಸಿಗೂದಿಲ್ಲ.

ಉದ್ಯಮಬಾಗ ವೆಲ್ಡರ್, ಬೆಳಗಾವಿ

ನಾ ಓದಿದ್ದು ಐಟಿಐ, ನಿಮ್ಮ ದುಂಡಾಣು ನಂಗ ತಿಳಿಯಂಗಿಲ್ಲ, ಆದ್ರ ಆರ್ಗಾನ್ ತಿಳೀತೈತಿ, 18 ವರ್ಷ ಆತು ಆರ್ಗಾನ್ ವೆಲ್ಡಿಂಗ್ ಮಾಡಾಕತ್ತು. ನಮ್ಮಲ್ಲೂ ಇದ ತ್ರಾಸ ಐತ್ರಿ. ಮಳಿಗಾಲದಾಗ ಮುಂಜಾನಿ ಮೊದಲ್ನೇ ಅಲ್ಯೂಮಿನಿಯಂ ಜಾಬ್ ಹಚ್ಚಿದ್ರ ಬೆಸಿಗಿ ತುಂಬ ಸಣ್ಣ ಸಣ್ಣ ತೂತು. ಸಿಲಿಂಡರ್ ಬದಲ ಮಾಡಿದ್ವಿ, ಟಾರ್ಚ್ ಬದಲ ಮಾಡಿದ್ವಿ, ಹೋಗ್ಲಿಲ್ಲ. ಕಡೀಗೆ ಹಳೇ ಮೇಸ್ತ್ರಿ ಒಬ್ರು ಹೇಳಿದ್ರು, ಹೋಸ್ ಪೈಪ್ ರಾತ್ರಿಯೆಲ್ಲಾ ತ್ಯಾವಾ ಹೀರಿರ್ತೈತಿ, ಮೊದಲ ಹತ್ತು ಹದಿನೈದು ನಿಮಿಷ ಗ್ಯಾಸ್ ಬಿಟ್ಟ ಒಣಗಿಸು ಅಂತ. ಅವತ್ತಿಂದ ತೂತಿಲ್ಲ. ಮತ್ತ ಅಗ್ಗದ ರಬ್ಬರ್ ಪೈಪಿಗಿಂತ ಟೆಫ್ಲಾನ್ ಪೈಪ್ ಭಾಳ ಚಲೋ. ನಿಮ್ದೂ ಇದ ಇರಬಹುದೇನೋ ನೋಡ್ರಿ ಯವ್ವಾ.

ಗ್ಲೋ ಡಿಸ್ಚಾರ್ಜ್, ಬೆಳಗಾವಿ

ಅಣ್ಣಾರ, ನಾ ಹೇಳಬೇಕಂತ ಟೈಪ್ ಮಾಡಾಕತ್ತಿದ್ದನ್ನ ನೀವು ನನಗಿಂತ ಮೊದಲ ಹೇಳಿಬಿಟ್ರಿ. ನಿಮ್ಮ ಮೇಸ್ತ್ರಿ ಮಾತನ್ನ ಪ್ಲಾಸ್ಮಾ ಲ್ಯಾಬಿನವ್ರು ಅಳದು ತೋರಿಸ್ಯಾರ, 2013ರ ಹೊತ್ತಿಗೆ ಜರ್ಮನಿ ಗ್ರೈಫ್ಸ್‌ವಾಲ್ಡ್ ಊರಿನ ಪ್ಲಾಸ್ಮಾ ಸಂಸ್ಥಾದವ್ರು ಜೆಟ್ಟಿಗೆ ಹೋಗೋ ಅನಿಲದ ತ್ಯಾವಾ ಎಷ್ಟ ಮಹತ್ವದ್ದು ಅಂತ ಇದ್ರ ಮ್ಯಾಲ ಕೆಲಸ ಮಾಡಿ ಬರದ್ರು.

ಲೆಕ್ಕಾ ನೋಡ್ರಿ. 99.999 ಪರ್ಸೆಂಟ್ ಶುದ್ಧ ಆರ್ಗಾನ್ ಅಂದ್ರ ಹತ್ತು ಲಕ್ಷದಾಗ ಕಲಬೆರಕಿ ಎಲ್ಲಾ ಕೂಡಿ 10 ಪಾಲು. ಅಷ್ಟ ರೊಕ್ಕಾ ಕೊಟ್ಟು ತಂದು ಸಿಲಿಕೋನ್ ಪೈಪಿನ್ಯಾಗ ಹಾಯಿಸಿದ್ರ ಪೈಪು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚ ನೀರ ಸೇರಸ್ತೈತಿ. ಗ್ವಾಡಿ ಒಳಗ ಹೀರಿದ್ದು ಒಂದು, ಹೊರಗಿನ ಗಾಳಿಯೊಳಗಿಂದ ಗ್ವಾಡಿ ದಾಟಿ ಬರೂದು ಇನ್ನೊಂದು. ಹೀರಿದ್ದು ಅನಿಲ ಹರದಂಗ ನಿಧಾನಕ್ಕ ಖಾಲಿ ಆಗ್ತೈತಿ, ಮುಂಜಾನಿ ಹೆಚ್ಚ, ಮಧ್ಯಾಹ್ನ ಕಡಿಮಿ.

ನೀರಿಂದ ಏನಾಕ್ಕೈತಿ? ಆರ್ಗಾನ್ ಅಣು ಪ್ಲಾಸ್ಮಾದಾಗ ಸುಮಾರು 11.5 ಇಲೆಕ್ಟ್ರಾನ್‌ವೋಲ್ಟ್ ಶಕ್ತಿ ಹೊತ್ಕೊಂಡ ಓಡಾಡ್ತಿರ್ತೈತಿ. ನೈಟ್ರೋಜನ್ನಿಂದ ಇಲೆಕ್ಟ್ರಾನ್ ಕಿತ್ತಬೇಕಂದ್ರ 15.6 ಬೇಕು, ಸಾಲಂಗಿಲ್ಲ. ಹೀಲಿಯಂ ಹತ್ರ 19.8 ಇರ್ತೈತಿ, ಅದಕ್ಕ ಹೀಲಿಯಂ ಜೆಟ್ಟಿನ ನಡತಿನ ಬ್ಯಾರೆ. ಆದ್ರ ನೀರನ್ನ ಒಡ್ಯಾಕ ಆರ್ಗಾನಿನ ಶಕ್ತಿ ಧಾರಾಳ ಸಾಕು. ನೀರು ಒಡದು ಹೈಡ್ರಾಕ್ಸಿಲ್, ಎರಡ ಹೈಡ್ರಾಕ್ಸಿಲ್ ಕೂಡಿ ಹೈಡ್ರೋಜನ್ ಪೆರಾಕ್ಸೈಡ್. ಹೈಡ್ರಾಕ್ಸಿಲ್ ಜೀವಕೋಶದ ಹಂತ್ಯಾಕ ಬಂದ್ರ ಕೆಲವು ನ್ಯಾನೋಸೆಕೆಂಡ್ ಬಾಳ್ತೈತಿ ಅಷ್ಟ, ಸಿಕ್ಕಿದ್ದನ್ನ ಕಚ್ಚಿ ಅಲ್ಲೇ ಮುಗೀತೈತಿ. ಪೆರಾಕ್ಸೈಡ್ ಹಂಗಲ್ಲ, ಅಗಾರ್ ಒಳಗ ಇಳದು ತಾಸಗಟ್ಲೆ ಕುಂದರ್ತೈತಿ. ಮುಂಜಾನಿ ನಿನ್ನ ಪ್ಲೇಟಿಗೆ ಬಿದ್ದದ್ದು ಹೆಚ್ಚಿನ ಪೆರಾಕ್ಸೈಡ್ ಅಂತ ನನ್ನ ಅಂದಾಜು. ಅಂದಾಜು ಅಂತನ ಇಟ್ಕೋ, ಪರೀಕ್ಷಾ ಮಾಡು.

ಪರೀಕ್ಷಾ ಸರಳ ಐತಿ. ಒಂದ ಬಟ್ಟಲದಾಗ 2 ಮಿಲಿಲೀಟರ್ ಡಿಸ್ಟಿಲ್ಡ್ ನೀರ ಹಾಕು, ಜೆಟ್ ಹಿಡಿ, ಪೆರಾಕ್ಸೈಡ್ ಸ್ಟ್ರಿಪ್ ಅದ್ದಿ ನೋಡು. ಸ್ಟ್ರಿಪ್‌ಕಿಂತ ಖಚಿತ ಬೇಕಂದ್ರ ಟೈಟೇನಿಯಂ ಆಕ್ಸಿಸಲ್ಫೇಟ್ ಹಾಕು, ಪೆರಾಕ್ಸೈಡ್ ಇದ್ರ ಹಳದಿ ಆಗ್ತೈತಿ, ಕೆಮಿಸ್ಟ್ರಿಯವ್ರ ಹತ್ರ ಬಣ್ಣ ಎಷ್ಟ ಗಾಢ ಅಂತ ಅಳಿಯೋ ಸ್ಪೆಕ್ಟ್ರೋಫೋಟೋಮೀಟರ್ ಇರ್ತೈತಿ. ನೈಟ್ರೈಟಿಗೆ ಗ್ರೀಸ್ ರಿಯೇಜೆಂಟು, ಗುಲಾಬಿ ಬಣ್ಣ. ಪಿಎಚ್ಚೂ ನೋಡು, ಬಫರ್ (ಹುಳಿ ಏರದಂಗ ತಡಿಯೋ ಸಾಮಾನ) ಇಲ್ಲದ ನೀರು ಹುಳಿ ಆಗ್ತೈತಿ, ಹುಳಿ ಆದ ಮ್ಯಾಲ ನೈಟ್ರೈಟೂ ಪೆರಾಕ್ಸೈಡೂ ಕೂಡಿ ಪೆರಾಕ್ಸಿನೈಟ್ರಸ್ ಆಸಿಡ್ ಮಾಡ್ತಾವ, ದುಂಡಾಣು ಕೊಲ್ಲೋದ್ರಾಗ ಅದೂ ಜೋರ. ಅದ ಕಾರಣಕ್ಕ ಅಳತಿ ತಡಾ ಮಾಡಬ್ಯಾಡ, ಇಟ್ಟ ಹ್ವಾದ್ರ ಎರಡೂ ಒಂದನ್ನೊಂದು ತಿಂದ ಹಾಕಿರ್ತಾವ.

ಇಂಡಿ ಲಿಂಬಿ, ವಿಜಯಪುರ

ಎಲ್ಲಾ ಓದಿದೆ, ಅರ್ಧ ತಿಳೀತು. ನಂದು ಲಿಂಬಿ ಮೂರ ಎಕರೆ, ದಾಳಿಂಬಿ ಎರಡ ಎಕರೆ. ಕಾಪರ್ ಆಕ್ಸಿಕ್ಲೋರೈಡು, ಸ್ಟ್ರೆಪ್ಟೊಸೈಕ್ಲಿನ್ನು ಹೊಡದು ಹೊಡದು ಸಾಕಾಗ್ಯಾದ. ಈ ಜೆಟ್ಟು ಗಿಡಕ್ಕ ಹಿಡಿಲಿಕ್ಕೆ ಬರ್ತದೇನ್ರಿ? ಬರ್ತದಂದ್ರ ಎಷ್ಟ ಖರ್ಚ?

ಅಗಾರ್ ಪ್ಲೇಟ್, ಬಾಗಲಕೋಟಿ

ಕಾಕಾರ, ಖರೆ ಹೇಳ್ತೇನಿ, ಈಗ ಬರಂಗಿಲ್ರಿ. ನಂದು ಪ್ಲೇಟಿನ ಮ್ಯಾಲ ಒಂದ ಪದರ ಹಚ್ಚಿದ ದುಂಡಾಣು, ತ್ವಾಟದಾಗಿಂದು ಹಂಗಲ್ಲ, ಕಾಂಡದ ಗಾಯದ ಒಳಗ ಹೊಕ್ಕ ಕುಂತಿರ್ತಾವ, ಜೆಟ್ಟಿನ ರಸಾಯನ ಅಷ್ಟ ಒಳಗ ಹೋಗಂಗಿಲ್ಲ. ಒಂದ ಜೆಟ್ ಮುಟ್ಟೋದು ನಾಣ್ಯದಷ್ಟ ಜಾಗ. ರೋಗದ ಟೊಂಗಿ ಕತ್ತರಿಸಿ ಸುಡ್ರಿ, ಪ್ರತಿ ಗಿಡಕ್ಕ ಕತ್ತರಿನ ಹೈಪೋಕ್ಲೋರೈಟ್ ನೀರಾಗ ಅದ್ದರಿ, ಗೂಟಿ (ಟೊಂಗಿಗೆ ಬೇರ ಬರಿಸಿ ಮಾಡಿದ ಸಸಿ) ತರೋವಾಗ ರೋಗ ಇಲ್ಲದ ತ್ವಾಟದ್ದ ತರ್ರಿ. ನಮ್ಮ ಮಾವಗ ಇದನ್ನ ಮೊದಲ ಹೇಳಾಕ ಆಗಲಿಲ್ಲಂತ ನನಗ ಇನ್ನೂ ಕೆಟ್ಟ ಅನಸ್ತೈತಿ.

ಗ್ಲೋ ಡಿಸ್ಚಾರ್ಜ್, ಬೆಳಗಾವಿ

ಬರೋಬ್ಬರಿ ಹೇಳಿದಿ. ಕಾಕಾರ, ಹೊಲದ ಕಡೆ ಹೆಚ್ಚ ಕೆಲಸ ನಡದದ್ದು ಎರಡ ಥರ. ಒಂದು ನೀರಿಗೆ ಪ್ಲಾಸ್ಮಾ ಹಿಡದು ಆ ನೀರು ಬಳಸೋದು. ಇನ್ನೊಂದು ಬಿತ್ತೋ ಬೀಜಕ್ಕ ಹಿಡಿಯೋದು, ಬೀಜದ ಮೇಲ್ಮೈ ನೀರ ಹಿಡಕೊಳ್ಳಾಕ ಶುರು ಮಾಡ್ತೈತಿ, ಮೊದಲ ಹನಿ ಮುತ್ತಿನಂಗ ಉರುಳ್ತಿದ್ದದ್ದು ಹರಡಿ ಕುಂದರ್ತೈತಿ, ಕೆಲವು ಬೀಜ ಲಗೂ ಮೊಳೀತಾವ. ಅತಿ ಆದ್ರ ಬೀಜ ಸಾಯ್ತೈತಿ. ಅದಕ್ಕ ಜೆಟ್ ಬಳಸಂಗಿಲ್ಲ, ಅಗಲ ತಟ್ಟಿ ಥರದ್ದ ಬಳಸ್ತಾರ, ಡೈಎಲೆಕ್ಟ್ರಿಕ್ ಬ್ಯಾರಿಯರ್ ಡಿಸ್ಚಾರ್ಜ್ ಅಂತ. ಅದು ಹಳೇದು, ವೆರ್ನರ್ ಸೀಮೆನ್ಸ್ 1857ರಾಗನ ಓಝೋನ್ ಮಾಡಾಕ ಕಟ್ಟಿದ್ದ. ದಾಳಿಂಬಿ ಗೂಟಿಯಿಂದ ಬರೂದು, ಬೀಜದ ಮಾತು ಇಲ್ಲಿ ಕೂಡಂಗಿಲ್ಲ.

ಘಟಪ್ರಭಾ ದಂಡಿ, ಗೋಕಾಕ

ಇದ ವಿಷಯ ಹುಡುಕಾಕ ಹೋಗಿ ಇಲ್ಲಿ ಬಂದೆ. ನಮ್ಮ ಅಪ್ಪಾಗ ಸಕ್ಕರಿ ರೋಗ, 14 ವರ್ಷ ಆತು, ಎಡಗಾಲ ಹೆಬ್ಬೆರಳಿನ ಬುಡಕ್ಕ ಹುಣ್ಣಾಗಿ ನಾಕ ತಿಂಗಳಾತು ಮಾಯಂಗಿಲ್ಲ. ವಿಡಿಯೋದಾಗ ಪ್ಲಾಸ್ಮಾ ಹಿಡದು ಹುಣ್ಣು ಮಾಯಿಸ್ತಾರಂತ ನೋಡಿದೆ. ನಿಮ್ಮಂಥ ಜೆಟ್ ಮಾಡಿ ಹಿಡದ್ರ ನಡೀತೈತೇನ್ರಿ? ಅಪ್ಪಾನ ಕಾಲ ಉಳದ್ರ ಸಾಕಾಗೈತಿ.

ಡ್ರೆಸ್ಸಿಂಗ್ ರೂಮ್, ಬೆಳಗಾವಿ

ಅಣ್ಣಾ, ನಾ ನರ್ಸ್, ಗಾಯದ ಡ್ರೆಸ್ಸಿಂಗ್ ನನ್ನ ದಿನಾ ಕೆಲಸ. ಮನ್ಯಾಗ ಮಾಡಿದ ಜೆಟ್ ಅಪ್ಪಾರ ಕಾಲಿಗೆ ಹಿಡೀಬ್ಯಾಡ್ರಿ, ಕೈ ಮುಗದು ಹೇಳ್ತೇನಿ. ಸಕ್ಕರಿ ರೋಗ ಹಳೇದಾದ ಭಾಳ ಮಂದಿಗೆ ಪಾದದಾಗ ಸ್ಪರ್ಶನ ತಿಳಿಯಂಗಿಲ್ಲ, ಸುಟ್ರೂ ಕರೆಂಟ್ ಹೊಡದ್ರೂ ಅವ್ರು ಹೇಳಂಗಿಲ್ಲ, ನಿಮಗ ಗೊತ್ತಾಗೋದ ಆಮ್ಯಾಲ.

ನಾಕ ತಿಂಗಳ ಅಂದ್ರ ಇವತ್ತ ನಾಳೆ ಹೋಗ್ರಿ. ಕಾಲಿಗೆ ರಕ್ತ ಸರಿಯಾಗಿ ಇಳೀತೈತೇನು ನೋಡಬೇಕು, ಡಾಪ್ಲರ್ ಮಾಡ್ತಾರ. ಎಲುಬಿಗೆ ಸೋಂಕು ಹೊಕ್ಕೈತೇನು ಎಕ್ಸ್‌ರೇ ತಗಸಬೇಕು. ಸತ್ತ ಚರ್ಮ ತಗೀಬೇಕು. ಎಲ್ಲಾಕ್ಕಿಂತ ದೊಡ್ಡದು, ಆ ಜಾಗದ ಮ್ಯಾಲ ಭಾರ ಬೀಳಬಾರದು. ಒಂದ ಕಡೆ ಔಷಧಿ ಹಚ್ಚಿ ಇನ್ನೊಂದ ಕಡೆ ಅದ ಕಾಲಿನ್ಯಾಗ ಹೊಲಕ್ಕ ಅಡ್ಡಾಡಿದ್ರ ಯಾವ ಹುಣ್ಣೂ ಮಾಯಂಗಿಲ್ಲ. ಎಷ್ಟೋ ಮಂದಿ ಯಜಮಾನ್ರು ಹಿಂಗ ಮಾಡಿ ಬೆರಳ ಕಳಕೊಂಡದ್ದ ನೋಡೇನಿ. ಬೂದಿ, ಅರಿಷಿಣ ಏನೂ ತುಂಬಬ್ಯಾಡ್ರಿ.

ಗ್ಲೋ ಡಿಸ್ಚಾರ್ಜ್, ಬೆಳಗಾವಿ

ಅಕ್ಕಾರ ಹೇಳಿದ್ದಕ್ಕ ನನ್ನದೊಂದು ಮಾತ ಸೇರಸ್ತೇನಿ. ವಿಡಿಯೋದಾಗ ಇರೂದು ಸುಳ್ಳಲ್ಲ. ಜರ್ಮನಿಯೊಳಗ ಕಿನ್‌ಪೆನ್ ಮೆಡ್ ಅಂತ ಆರ್ಗಾನ್ ಜೆಟ್ಟಿಗೆ 2013ರಾಗ ವೈದ್ಯಕೀಯ ಉಪಕರಣ ಅಂತ ಯುರೋಪಿನ ಸಿಇ ಮಾನ್ಯತಾ ಸಿಕ್ತು. 2010ರಾಗ 36 ಮಂದಿ ಮ್ಯಾಲ ಬ್ಯಾರೆ ಒಂದ ಆರ್ಗಾನ್ ಉಪಕರಣದಿಂದ ದಿನಾ 5 ನಿಮಿಷ ಹಿಡದ ಪರೀಕ್ಷಾದಾಗ, ಸೋಂಕಿದ ಹಳೇ ಗಾಯದ ದುಂಡಾಣು ಸಾದಾ ಡ್ರೆಸ್ಸಿಂಗಿಗಿಂತ 34 ಪರ್ಸೆಂಟ್ ಜಾಸ್ತಿ ಇಳದ್ವು. 2020ರಾಗ ಸಕ್ಕರಿ ಪಾದದ ಹುಣ್ಣಿನ ಮ್ಯಾಲ ಒಂದು ಪರೀಕ್ಷಾ ಬಂತು, ಹುಣ್ಣಿನ ಅಗಲ ಲಗೂ ಕಡಿಮಿ ಆತು, ಆದ್ರ ದುಂಡಾಣು ಎಣಿಕ್ಯಾಗ ಪ್ಲಾಸ್ಮಾದವ್ರಿಗೂ ಇಲ್ಲದವ್ರಿಗೂ ಹೇಳುವಂಥ ಫರಕ್ ಬರಲಿಲ್ಲ. ನನಗ ಇದ ಭಾಳ ವಿಚಾರ ಹಚ್ಚಿದ್ದು. ಪ್ಲಾಸ್ಮಾ ಅಂದ್ರ ಬರೇ ದುಂಡಾಣು ಕೊಲ್ಲೋ ಸಾಮಾನ ಅಂತ ನಾವ ತಿಳಕೊಂಡಿದ್ವಿ. ನಮ್ಮ ಕೋಶಗೋಳೂ ಇದ ಪೆರಾಕ್ಸೈಡು, ನೈಟ್ರಿಕ್ ಆಕ್ಸೈಡು ತಾವ ಸಣ್ಣ ಪ್ರಮಾಣದಾಗ ಮಾಡಿ ಒಂದಕ್ಕೊಂದು ಸುದ್ದಿ ಮುಟ್ಟಿಸ್ತಾವ. ಕಡಿಮಿ ಡೋಸ್ ಅಂದ್ರ ಗಾಯ ಕೂಡಿಸೋ ಕೋಶಕ್ಕ ಚುರುಕು ಕೊಟ್ಟಂಗ, ಹೆಚ್ಚಾದ್ರ ಅದ ಕೋಶ ತಾನ ಸಾಯೂ ದಾರಿ ಹಿಡೀತೈತಿ.

ಡೋಸ್ ಎಷ್ಟ ಅನ್ನೋದು ಜೆಟ್ಟಿನ್ಯಾಗ ಒಂದ ತಿರುಗಣಿ ತಿರುವಿ ಇಡೋದಲ್ಲ. ಮ್ಯಾಲ ನೋಡ್ರಿ, ಒಂದ ದಿನದಾಗ 22 ಇದ್ದದ್ದು 13 ಆಗಾಕತ್ತೈತಿ, ಅದೂ ಬರೇ ಪೈಪಿನ ತ್ಯಾವಾದಿಂದ ಇರಬಹುದು. ಅಂಥದ್ದನ್ನ ಅಪ್ಪಾರ ಕಾಲಿಗೆ ಹಿಡೀತೀರೇನು? ಪರೀಕ್ಷಾ ಆದ ಉಪಕರಣ ಬಲ್ಲ ಡಾಕ್ಟರ್ ಕೈಯಾಗ ಇದ್ರ ಮಾತ ಬ್ಯಾರೆ, ಅವಾಗೂ ಅಕ್ಕಾರ ಹೇಳಿದ್ದೆಲ್ಲಾ ಮೊದಲ ಆಗಿರಬೇಕು.

ಘಟಪ್ರಭಾ ದಂಡಿ, ಗೋಕಾಕ

ಆತ್ರಿ ಅಕ್ಕಾರ, ಅಣ್ಣಾರ. ನಾಳೆ ಮುಂಜಾನಿ ಕರಕೊಂಡ ಹೊಂಟೇನಿ. ಹೊಲಕ್ಕ ಹೋಗೂದು ಬಂದ್ ಮಾಡಸ್ತೇನಿ, ಅದ ದೊಡ್ಡ ಜಗಳ ಐತಿ ಮನ್ಯಾಗ, ಆದ್ರೂ ಮಾಡಸ್ತೇನಿ.

ಅಗಾರ್ ಪ್ಲೇಟ್, ಬಾಗಲಕೋಟಿ

ಒಂಬತ್ತ ದಿನ ಆದಮ್ಯಾಲ ಬರ್ಯಾಕತ್ತೇನಿ, ತಡಾ ಆತು.

ಮೊದಲ ಬರೇ ಆರ್ಗಾನ್ ಪ್ಲೇಟ್. ನಡುವ ಒಂದ ಸಣ್ಣ ತಗ್ಗು ಬಿತ್ತು, ಆದ್ರ ದುಂಡಾಣು ತಗ್ಗಿನ್ಯಾಗೂ ಬೆಳದ್ವು. ಅಂದ್ರ ಅನಿಲದ ಬಡತದಿಂದ ಅಲ್ಲ, ಇಷ್ಟ ಗೊತ್ತಾತು. ವಿಜಯಪುರದ ಸರ್ ಹೇಳಿದಂಗ ಪ್ರತಿ ಪ್ಲೇಟಿಗೂ ಜೆಟ್ ಹಿಡಿಯೋ ಮುಂದಷ್ಟ ದುಂಡಾಣು ಹಚ್ಚಿದೆ, ಅವಾಗೂ ಮುಂಜಾನಿದ ದೊಡ್ಡದು ಬಂತು, ಅಂದ್ರ ಲೋಳಿ ಕಾರಣ ಅಲ್ಲ. ಆಸಿಲೋಸ್ಕೋಪಿನ್ಯಾಗ ವೋಲ್ಟೇಜು ಕರೆಂಟು ಮುಂಜಾನಿ ಮಧ್ಯಾಹ್ನ ಕಣ್ಣಿಗೆ ಕಾಣುವಂಥ ಫರಕ್ ಇಲ್ಲ. ನಾ ಸಪ್ಲೈ ಮ್ಯಾಲ ಸುಮ್ನ ಸಂಶೆ ಪಟ್ಟಿದ್ದೆ.

ಆಮ್ಯಾಲ ಉದ್ಯಮಬಾಗದ ಅಣ್ಣಾರ ಮಾತು. ಸಿಲಿಕೋನ್ ಪೈಪಿಗೆ ಮುಂಜಾನಿ ಪ್ಲಾಸ್ಮಾ ಹಚ್ಚದ 40 ನಿಮಿಷ ಆರ್ಗಾನ್ ಬಿಟ್ಟೆ, ಆಮ್ಯಾಲ ಆರೂ ಪ್ಲೇಟ್ ಮಾಡಿದೆ. ಎಲ್ಲಾ 13, 14 ಮಿಲಿಮೀಟರ್! ಮರುದಿನ ಟೆಫ್ಲಾನ್ ಪೈಪ್ ತಂದ ಹಾಕಿದೆ, ಹತ್ತ ನಿಮಿಷ ಬಿಟ್ಟದ್ದಕ್ಕ ಅಷ್ಟ ಬಂತು. ನೀರಿನ ಬಟ್ಟಲಾನೂ ಇಟ್ಟಿದ್ದೆ, ಹಳೇ ಪೈಪಿನ ಮೊದಲ್ನೇ ನಿಮಿಷದ ನೀರಿಗೆ ಟೈಟೇನಿಯಂ ಹಾಕಿದ್ರ ಗಾಢ ಹಳದಿ, ಒಣಗಿಸಿದ ಮ್ಯಾಲಿನದ್ದು ತಿಳಿ ಹಳದಿ. ಎರಡೂ ಟ್ಯೂಬ್ ಬಾಜೂಕ ಹಿಡದು ನೋಡಿದಾಗ ನನಗ ಅಳೂನ ಬಂತ್ರಿ, ಎರಡ ವಾರ ನಾ ನನ್ನ ಕೈಗುಣ ಸರಿ ಇಲ್ಲ ಅಂತ ತಿಳಕೊಂಡಿದ್ದೆ.

ಈಗ ನನ್ನ ತಲಿಯಾಗ ಇನ್ನೊಂದು ಬಂದೈತಿ. ನೀರಿದ್ರ ಖಾಲಿ ಜಾಗ ದೊಡ್ಡದಾಗ್ತೈತಿ ಅಂದ್ರ, ಬೇಕಂತನ ನೀರ ಸೇರಿಸಿ ಮಾಡಿದ್ರ ಹೆಂಗ? ಮತ್ತ ಕೊಲ್ಲಾಕತ್ತಿದ್ದು ಪೆರಾಕ್ಸೈಡ್ ಅಂತ ಪಕ್ಕಾ ಮಾಡೋದ ಹೆಂಗ? ಹಳದಿ ಬಣ್ಣ ಜೋಡಿ ಬಂತು ಅಂದ ಮಾತ್ರಕ್ಕ ಅದ ಕೊಂದೈತಿ ಅಂತ ಹೇಳಾಕ ಬರಂಗಿಲ್ಲಲ್ಲ.

ಗ್ಲೋ ಡಿಸ್ಚಾರ್ಜ್, ಬೆಳಗಾವಿ

ತಂಗೀ, ಕಡೀ ಪ್ರಶ್ನಿ ನೀನ ಕೇಳಿದಿ, ಅದು ಎಲ್ಲಾಕ್ಕಿಂತ ದೊಡ್ಡದು. ಕ್ಯಾಟಲೇಸ್ ಕಿಣ್ವ ತಗೋ, ಅದು ಪೆರಾಕ್ಸೈಡನ್ನ ಒಡದು ನೀರೂ ಆಕ್ಸಿಜನ್ನೂ ಮಾಡ್ತೈತಿ. ದುಂಡಾಣುನ ಸಲೈನ್ ದ್ರವದಾಗ ಮಾಡು, ಅರ್ಧಕ್ಕ ಕ್ಯಾಟಲೇಸ್ ಹಾಕು, ಅರ್ಧಕ್ಕ ಕುದಿಸಿ ಸಾಯಿಸಿದ ಕ್ಯಾಟಲೇಸ್ ಹಾಕು, ಎರಡಕ್ಕೂ ಜೆಟ್ ಹಿಡಿ. ಜೀವಂತ ಕ್ಯಾಟಲೇಸ್ ಇದ್ದಲ್ಲಿ ದುಂಡಾಣು ಉಳದ್ರ ಪೆರಾಕ್ಸೈಡಿನ ಪಾಲು ದೊಡ್ಡದು. ಉಳೀಲಿಲ್ಲಂದ್ರ ಬ್ಯಾರೆ ಯಾವದೋ ಐತಿ, ಅವಾಗ ಹೈಡ್ರಾಕ್ಸಿಲ್ ಹಿಡಿಯಾಕ ಮ್ಯಾನಿಟಾಲ್ ಹಾಕಿ ನೋಡು. ಇನ್ನೊಂದು ಪ್ಲೇಟಿಗೆ ಜೆಟ್ಟಿಲ್ಲದ, ನೀ ಅಳದಷ್ಟ ಪ್ರಮಾಣದ ಅಂಗಡಿ ಪೆರಾಕ್ಸೈಡ್ ಹಾಕು, ಅಷ್ಟ ಸಾಯ್ತಾವೇನು ನೋಡು.

ದ್ರವದಾಗ ಮಾಡೋವಾಗ ಅಳತಿ ಬದಲ ಮಾಡಬ್ಯಾಡ. 100 ಮೈಕ್ರೋಲೀಟರಿಗೆ ಹಿಡದ ಒಂದ ನಿಮಿಷವೂ 2 ಮಿಲಿಲೀಟರಿಗೆ ಹಿಡದ ಒಂದ ನಿಮಿಷವೂ ಒಂದಲ್ಲ, 20 ಪಟ್ಟು ತೆಳು ಆಗಿರ್ತೈತಿ. ಆವಿ ಆದ ನೀರು ತೂಕ ಮಾಡಿ ತುಂಬು. ಪೋಷಕ ಬ್ರಾತ್ (ದುಂಡಾಣು ಬೆಳಸೋ ಸಾರು) ಇದ್ರ ಅದರಾಗಿನ ಸಾಮಾನ ಅರ್ಧ ರಸಾಯನ ತಾನ ನುಂಗ್ತೈತಿ, ಅದಕ್ಕ ತೊಳದು ಸಲೈನಿನ್ಯಾಗ ಹಾಕು ಅಂದೆ. ಕ್ಯಾನ್ಸರ್ ಕೋಶದ ಮ್ಯಾಲ ಮಾಡೋರೂ ಇಲ್ಲೇ ಎಡವ್ಯಾರ, ಮೀಡಿಯಂ (ಕೋಶ ಬೆಳಸೋ ದ್ರವ) ಒಳಗ ಪೈರುವೇಟ್ ಅನ್ನೋ ಪೋಷಕ ಇದ್ರ ಪೆರಾಕ್ಸೈಡ್ ಅಲ್ಲೇ ಖಲಾಸ್, ಒಂದ ಲ್ಯಾಬಿನ್ಯಾಗ ಸತ್ತ ಕೋಶ ಇನ್ನೊಂದ್ರಾಗ ನಗಾಡ್ತಿರ್ತಾವ.

ಎಣಿಕಿನೂ ವಿಚಾರ ಮಾಡು. ಬರೇ ಖಾಲಿ ಜಾಗ ಅಳ್ಯಾಕ ಹೋಗಬ್ಯಾಡ, ಕಾಲನಿ (ಬದುಕಿದ ದುಂಡಾಣು ಬೆಳದು ಆಗೋ ಚುಕ್ಕಿ) ಎಣಿಸು. ಹತ್ತು ಕೋಟಿ ಇದ್ದದ್ದು 99.9 ಪರ್ಸೆಂಟ್ ಸತ್ತ್ವು ಅಂದ್ರೂ ಇನ್ನೂ ಒಂದ ಲಕ್ಷ ಜೀವಂತ ಅದಾವ, ಇಂಡಿ ಕಾಕಾರ ತ್ವಾಟ ಹಾಳ ಮಾಡಾಕ ಅಷ್ಟ ಸಾಕು.

ನೀರ ಸೇರಿಸೋದು: ಅನಿಲನ ಎರಡ ಹಾದಿ ಮಾಡು, ಒಂದ ಒಣಾದು ಸೀದಾ, ಇನ್ನೊಂದ ಸಣ್ಣ ಪಾಲು ನೀರಿನ ಬಾಟ್ಲಿಯೊಳಗ ಗುಳ್ಳಿ ಹಾಯಿಸಿ ಮುಂದ ಕೂಡಸು. ಎಲ್ಲಾ ಅನಿಲನೂ ನೀರಿನ್ಯಾಗ ಹಾಯಿಸಬ್ಯಾಡ, ನಾಲಿಗಿ ಸೊರಗ್ತೈತಿ. ಒಂದರಾಗಿಂದ ಶುರು ಮಾಡಿ ಎರಡ, ಐದ ಪರ್ಸೆಂಟ್ ಹಿಂಗ ಏರಿಸು. ಎರಡ ಫ್ಲೋಮೀಟರ್ ಬೇಕಾಗ್ತಾವ.

ಉದ್ಯಮಬಾಗ ವೆಲ್ಡರ್, ಬೆಳಗಾವಿ

ಸಣ್ಣ ಫ್ಲೋಮೀಟರ್ ನನ್ನ ಹತ್ರ ಒಂದ ಎಕ್ಸ್ಟ್ರಾ ಐತ್ರಿ ಯವ್ವಾ, ನಿಮಿಷಕ್ಕ ಒಂದ ಲೀಟರ್ ತನಾ ತೋರಸ್ತೈತಿ, ಗಾಜು ಒಡದಿಲ್ಲ. ಆದ್ರ ಒಂದ ನೆನಪಿಡ್ರಿ, ಅದ್ರ ಮ್ಯಾಲಿನ ಗೀಟು ಯಾವ ಗ್ಯಾಸಿಗೆ ಹಾಕ್ಯಾರ ನೋಡಬೇಕು, ಗಾಳಿಗೆ ಹಾಕಿದ ಗೀಟು ಆರ್ಗಾನಿಗೆ ತಪ್ಪ ತೋರಸ್ತೈತಿ. ನಂದು ಆರ್ಗಾನಿಂದ. ಮತ್ತ ಸಿಲಿಂಡರ್ ತುಂಬಿದ್ದು 7 ಕ್ಯೂಬಿಕ್ ಮೀಟರ್, ನಿಮಿಷಕ್ಕ 4 ಲೀಟರ್ ಅಂದ್ರ 29 ತಾಸ ಬರ್ತೈತಿ, ದಿನಾ 40 ನಿಮಿಷ ಸುಮ್ನ ಬಿಡೋದ ಲೆಕ್ಕಕ್ಕ ಹಿಡೀರಿ, ಪ್ರಯೋಗದ ನಡುವ ಖಾಲಿ ಆದ್ರ ಹೊಸಾ ಸಿಲಿಂಡರಿಂದ ಮತ್ತ ಮೊದಲಿಂದ ಮಾಡಬೇಕಾಗ್ತೈತಿ.

ಅಗಾರ್ ಪ್ಲೇಟ್, ಬಾಗಲಕೋಟಿ

ಅಣ್ಣಾರ, ಟೆಫ್ಲಾನ್ ಹಾಕಿದ ಮ್ಯಾಲ ಹತ್ತ ನಿಮಿಷ ಬಿಟ್ರ ಸಾಕ್ರಿ, 40 ಬ್ಯಾಡ. ರವಿವಾರ ಬೆಳಗಾವಿಗೆ ಬರ್ತೇನಿ, ಫ್ಲೋಮೀಟರ್ ತಗೊಂಡ ಹೊಕ್ಕೇನಿ. ಕ್ಯಾಟಲೇಸ್ ಆರ್ಡರ್ ಹಾಕೇನಿ, ಬರೋಮಟ ಸಲೈನಿನ್ಯಾಗ ಎಣಿಕಿ ಶುರು ಮಾಡ್ತೇನಿ. ಸ್ಟೀಲ್ ಬೆಡ್ಡಿನ ಮ್ಯಾಲ ಕಟ್ಟಿಗಿ ಹಲಗಿ ಹಾಕೇನಿ, ಬ್ಲೋವರ್ ಪ್ರತಿ ಸಲಾನೂ ಬಂದ್, ಕಿಟಕಿ ತಗದೇತಿ.